ಚಿಕ್ಕಮಗಳೂರಿನ ಮಳೆಗಾಲದಲ್ಲಿ 4×5 ಇಂಚಿನ ಫಿಲ್ಮ್ ಹಾಕುವ ದೊಡ್ಡ ಕ್ಯಾಮೆರಾದ ಬೆಲ್ಲೋಸ್‌ನಿಂದ ಬೆಳಕು ಸೋರುತ್ತಿದ್ದರೆ ರಿಪೇರಿ ಹೇಗೆ?

ಬೆಲ್ಲೋಸ್ ಅಂದರೆ ಲೆನ್ಸಿಗೂ ಫಿಲ್ಮಿಗೂ ನಡುವೆ ಇರುವ, ಎಳೆದು ಮಡಚುವ ಮಡಿಕೆ ಮಡಿಕೆಯ ಹೊದಿಕೆ. ಮೊದಲು ಅದರಲ್ಲಿ ತೂತು ಹುಡುಕಿ. ಕೋಣೆ ಪೂರ್ತಿ ಕತ್ತಲಾಗಲಿ, ಕಣ್ಣು ಹೊಂದಿಕೊಳ್ಳಲು ಹತ್ತು ನಿಮಿಷ ಕೊಡಿ. ಬೆಲ್ಲೋಸನ್ನು ಪೂರಾ ಎಳೆದು, ಒಳಗೆ ಎಲ್‌ಇಡಿ ಟಾರ್ಚ್ ಹಿಡಿದು ಎಲ್ಲ ಕಡೆಯಿಂದ ನೋಡಿ. ಮಡಿಕೆಯ ಮೂಲೆಗಳೇ ಹೆಚ್ಚು ಸವೆಯುವುದು. ಅಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡರೂ ಬಿಳಿ ಪೆನ್ಸಿಲ್‌ನಿಂದ ಗುರುತು ಹಾಕಿ.

ಸಣ್ಣ ತೂತಿಗೆ ಬಟ್ಟೆಗೆ ಹಚ್ಚುವ ಕಪ್ಪು ಅಕ್ರಿಲಿಕ್ ಬಣ್ಣವನ್ನು ತೆಳ್ಳಗೆ ಎರಡು ಮೂರು ಸಲ ಹಚ್ಚಿ. ದಪ್ಪ ಬಳಿದರೆ ಮಡಚುವಾಗ ಬಿರಿಯುತ್ತದೆ. ಹರಿದಿದ್ದರೆ ತೆಳು ಕಪ್ಪು ಬಟ್ಟೆಯ ತೇಪೆಯನ್ನು ರಬ್ಬರ್ ಅಂಟಿನಿಂದ ಒಳಗಡೆ ಕೂರಿಸಿ. ಇನ್ಸುಲೇಷನ್ ಟೇಪ್ ಮಾತ್ರ ಬೇಡವೇ ಬೇಡ, ಅಂಟು ಜಾರಿ ಮಡಿಕೆಗಳಿಗೆ ಮೆತ್ತಿಕೊಳ್ಳುತ್ತದೆ.

ನಮ್ಮ ಮಳೆಯ ತೇವದಲ್ಲಿ ಬಣ್ಣ ಬೇಗ ಒಣಗುವುದಿಲ್ಲ. ಎರಡು ದಿನ ಎಳೆದೇ ಇಡಿ, ಜಿಗುಟು ಹೋದ ಮೇಲೆ ಮಡಚಿ, ಮತ್ತೆ ಟಾರ್ಚ್ ಹಿಡಿದು ನೋಡಿ.