ಹೊಸ ಟೈಲರ್‌ಗಳಿಗೆ ಕಲಿಸುವುದು ಹೇಗೆ?

ಪ್ರಶ್ನೆ: ಹಾಸನದ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಹೊಸಬರಿಗೆ ಮೆಂಟರ್ ಆಗು ಎಂದಿದ್ದಾರೆ. ಕೋಚಿಂಗ್ ಎಂದರೂ ಇದೇನಾ? ತರಬೇತುದಾರರನ್ನು ಆರಿಸುವುದು ಹೇಗೆ?

ಉತ್ತರ: ಎರಡೂ ಬೇರೆ. ಮೆಂಟರ್ ತನ್ನ ಅನುಭವ ಹೇಳಿಕೊಡುತ್ತಾರೆ. ಕೋಚ್ ಪ್ರಶ್ನೆ ಕೇಳಿ ಎದುರಿನವರಿಂದಲೇ ದಾರಿ ಹುಡುಕಿಸುತ್ತಾರೆ. ಮೊದಲ ವಾರ ಮಾತ್ರ ಕೈಹಿಡಿದು ಕಲಿಸಿ. ಕಾಲರ್ ಹೊಲಿದು ತೋರಿಸಿ, ಆಮೇಲೆ ಅವರು ಹೊಲಿಯುತ್ತಲೇ ಯಾಕೆ ಹಾಗೆ ಎಂದು ಬಾಯಿಬಿಟ್ಟು ಹೇಳಲಿ. ‘ಅರ್ಥ ಆಯ್ತಾ?’ ಎಂದು ಕೇಳಬೇಡಿ. ಎಲ್ಲರೂ ಹೂಂ ಎನ್ನುತ್ತಾರೆ, ಬಂಡಲ್ ವಾಪಸ್ ಬಂದಾಗಲೇ ತಪ್ಪು ಗೊತ್ತಾಗುವುದು.

ಕೈ ಕುದುರಿದ ಮೇಲೆ ಕೋಚಿಂಗ್. ಬ್ರಿಟನ್ನಿನ ಕೋಚಿಂಗ್ ತಜ್ಞ ಜಾನ್ ವಿಟ್ಮೋರ್ ಜನಪ್ರಿಯಗೊಳಿಸಿದ ‘ಗ್ರೋ’ ಕ್ರಮದಲ್ಲಿ ನಾಲ್ಕು ಪ್ರಶ್ನೆ: ಗುರಿ ಏನು, ಈಗ ಎಲ್ಲಿದ್ದೀರಿ, ಯಾವ ದಾರಿಗಳಿವೆ, ಯಾವುದನ್ನು ಯಾವಾಗ ಮಾಡುತ್ತೀರಿ. 20 ನಿಮಿಷ ಸಾಕು. ಶಿಫ್ಟ್ ಮುಗಿದು ಬಸ್ಸಿಗೆ ಓಡುವ ಹೊತ್ತು ಬೇಡ. ಹೆಚ್ಚಿನ ಸೂಪರ್‌ವೈಸರ್‌ಗಳು ಎಡವುವುದು ಎರಡನೆಯ ಪ್ರಶ್ನೆಯಲ್ಲೇ. ದಾರ ಪದೇ ಪದೇ ತುಂಡಾಗುತ್ತಿದ್ದರೆ ಸೂಜಿ, ದಾರದ ಬಿಗಿತ ನೋಡಿದಿರಾ ಎಂದು ವಿಚಾರಿಸದೆ ‘ನಿಧಾನ ಹೊಲಿ’ ಎಂದುಬಿಡುತ್ತಾರೆ. ಆಗ ಹುಡುಗಿ ಮುಂದೆ ಬಾಯಿಬಿಡುವುದೇ ಇಲ್ಲ.

ತರಬೇತುದಾರರ ಅರ್ಹತೆ ಕೇಳಲು ಸಂಕೋಚ ಬೇಡ. ಅಂತರರಾಷ್ಟ್ರೀಯ ಕೋಚಿಂಗ್ ಒಕ್ಕೂಟ ಐಸಿಎಫ್‌ನ ಮೊದಲ ಹಂತದ ಎಸಿಸಿ ಮನ್ನಣೆಗೇ ಕನಿಷ್ಠ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಬೇಕು. ಎರಡು ದಿನದ ಸರ್ಟಿಫಿಕೇಟ್ ಇದಕ್ಕೆ ಸಮವಲ್ಲ.