ಸಣ್ಣ ಭೂಕಂಪ ವಾಸಿನಾ, ಚಂಡಮಾರುತ ವಾಸಿನಾ?

ಆಗಾಗ ಸಣ್ಣ ಭೂಕಂಪ ಆಗುವ ಕಡೆ ಮನೆ ಮಾಡುವುದಕ್ಕಿಂತ ಚಂಡಮಾರುತ ಬರುವ ಕರಾವಳಿಯೇ ವಾಸಿನಾ ಅಂತ ಕೇಳಿದ್ದೀರಿ. ನನಗಂತೂ ಸಣ್ಣ ನಡುಕವೇ ಪರವಾಗಿಲ್ಲ. ತೀವ್ರತೆ 3ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ, 4ರ ಆಸುಪಾಸು ಆದರೆ ಕಿಟಕಿ, ಪಾತ್ರೆ ಗಡಗಡ ಅನ್ನುತ್ತವೆ, ಕೆಲವೇ ಸೆಕೆಂಡಲ್ಲಿ ಮುಗಿಯುತ್ತದೆ. ಮನೆ ಬಿಟ್ಟು ಓಡುವುದು, ನೀರು ಇಳಿದ ಮೇಲೆ ಕೆಸರು ಬಳಿಯುವುದು ಇದರಲ್ಲಿ ಇಲ್ಲ. ಆದರೆ ಚಂಡಮಾರುತದ ಸುದ್ದಿ ದಿನಗಳ ಮೊದಲೇ ಸಿಗುತ್ತದೆ ಅಲ್ವಾ, ಭೂಕಂಪ ಹೇಳದೆ ಕೇಳದೆ ಬರುತ್ತದೆ.

ಸಣ್ಣವು ಆಗುತ್ತಿದ್ದರೆ ದೊಡ್ಡದು ತಪ್ಪುತ್ತದೆ ಅನ್ನುವ ಮಾತನ್ನು ಮಾತ್ರ ಸುಮ್ನೆ ನಂಬಬೇಡಿ. ತೀವ್ರತೆ ಒಂದು ಅಂಕ ಏರಿದರೆ ಹೊರಬರುವ ಶಕ್ತಿ ಸುಮಾರು 32 ಪಟ್ಟು ಜಾಸ್ತಿ, ಅಂದರೆ 6ರ ಒಂದಕ್ಕೆ ಸಮ ಆಗಲು 4ರವು ಸುಮಾರು 1000 ಬೇಕು! ಕಟ್ಟಡ ಗಟ್ಟಿ ಇದೆಯಾ ಮೊದಲು ನೋಡಿ. ಆಮೇಲೆ ಕಪಾಟನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಸಿ.