ಸಂಜೆಯಾದರೆ ಗಂಟಲು ಕಟ್ಟುತ್ತದೆ. ಆಯಾಸವಿಲ್ಲದೆ ಮಾತಾಡುವುದನ್ನು ನಾನೇ ಕಲಿಯಬಹುದೇ?

ದಿನವಿಡೀ ಮಾತಾಡುವ ಕೆಲಸ, ತರಬೇತಿಗೆ ಹೋಗಲಾಗದು, ಒಬ್ಬರೇ ಕಲಿಯಬಹುದೇ ಎಂದು ಕೇಳಿದ್ದೀರಿ. ಬಹುಪಾಲು ಕಲಿಯಬಹುದು. ಆದರೆ ದನಿ ಒಡೆದು 3 ವಾರ ಮೀರಿದ್ದರೆ, ನುಂಗುವಾಗ ನೋವಿದ್ದರೆ, ಕೆಮ್ಮಿದಾಗ ರಕ್ತ ಕಂಡರೆ ಮೊದಲು ಇಎನ್‌ಟಿ ವೈದ್ಯರಿಗೆ ತೋರಿಸಿ. ಧ್ವನಿತಂತುಗಳ ಮೇಲೆ ಗಂಟು ಬೆಳೆದಿದೆಯೇ ಎನ್ನುವುದು ಒಳಗೆ ನೋಡದೆ ತಿಳಿಯುವುದಿಲ್ಲ.

ಅಂಥದ್ದೇನೂ ಇಲ್ಲವಾದರೆ ಒಂದು ಸ್ಟ್ರಾ, ಅರ್ಧ ಲೋಟ ನೀರು ಸಾಕು. ಸ್ಟ್ರಾದ ತುದಿ 2-3 ಸೆಂ.ಮೀ. ಮಾತ್ರ ಮುಳುಗಿರಲಿ. ತುಟಿ ಮುಚ್ಚಿ ಹಿಡಿದು, ಹಲ್ಲು ಕಚ್ಚದೆ, ಸ್ಟ್ರಾದೊಳಗೆ ‘ಊ’ ಎಂದು ಮೆಲ್ಲಗೆ ದನಿ ಹೊರಡಿಸಿ. ಬರೀ ಊದಿದರೆ ಪ್ರಯೋಜನವಿಲ್ಲ, ದನಿಯೂ ಬರಬೇಕು, ಗುಳ್ಳೆಗಳೂ ಒಂದೇ ಸಮನೆ ಏಳಬೇಕು. ನಡುವೆ ಮೂಗು ಹಿಡಿದು ನೋಡಿ: ದನಿ ಬದಲಾದರೆ ಗಾಳಿ ಮೂಗಿನಿಂದ ಸೋರುತ್ತಿದೆ. ನಾಲ್ಕೈದು ಸಲ ಒಂದೇ ಸ್ವರ, ಆಮೇಲೆ ತಗ್ಗಿನಿಂದ ಸ್ವಲ್ಪ ಮೇಲಕ್ಕೆ ಹೋಗಿ ಇಳಿಯಿರಿ. ಒಮ್ಮೆಗೆ 2-3 ನಿಮಿಷ, ದಿನಕ್ಕೆ ನಾಲ್ಕೈದು ಬಾರಿ. ಒಟ್ಟಿಗೆ ಅರ್ಧ ಗಂಟೆ ಮಾಡುವುದಕ್ಕಿಂತ ಇದೇ ಮೇಲು.

ಕಿರಿದಾದ ದಾರಿಯಲ್ಲಿ ಗಾಳಿಗೆ ತಡೆ ಬಿದ್ದಾಗ ಧ್ವನಿತಂತುಗಳ ಮೇಲ್ಭಾಗದಲ್ಲೂ ಒತ್ತಡ ಏರುತ್ತದೆ. ಹಾಗಾಗಿ ಅವು ಒಂದಕ್ಕೊಂದು ಜೋರಾಗಿ ಬಡಿದುಕೊಳ್ಳದೆ ಹಗುರವಾಗಿ ಕಂಪಿಸುತ್ತವೆ. ಸ್ಟ್ರಾ ಇನ್ನೂ ಆಳಕ್ಕೆ ಹೋದರೆ ನೀವು ಗಂಟಲಿನಿಂದ ತಳ್ಳತೊಡಗುತ್ತೀರಿ. ಕತ್ತಿನ ನರ ಉಬ್ಬಿದರೆ ಸ್ಟ್ರಾ ಮೇಲೆತ್ತಿ.

ಹೆಚ್ಚಿನವರು ಸೋಲುವುದು ಇದರ ಮುಂದಿನ ಹಂತದಲ್ಲಿ: ಅಭ್ಯಾಸ ಚೆನ್ನಾಗಿ ಮಾಡಿ, ಮಾತಿಗೆ ನಿಂತಾಗ ಹಳೆಯ ಗಂಟಲಿಗೇ ಮರಳುತ್ತಾರೆ. ಸ್ಟ್ರಾ ತೆಗೆದ ತಕ್ಷಣ ಬಾಯಿ ಮುಚ್ಚಿ ‘ಮ್’ ಅನ್ನಿ. ತುಟಿ, ಮೂಗಿನ ಬಳಿ ಜುಮ್ಮೆನ್ನಬೇಕು. ಅದೇ ಜುಮ್ಮು ಹಿಡಿದುಕೊಂಡು ‘ಮ್‌ಮನೆ, ಮ್‌ಮಾತು’, ನಂತರ ‘ನಮ್ಮಮ್ಮ ನಿನ್ನೆ ಮನೆಗೆ ಬಂದಳು’, ಆಮೇಲೆ ಯಾವುದಾದರೂ ಪುಟದ ನಾಲ್ಕು ಸಾಲು. ಸ್ವರದ ಎತ್ತರ ಎಷ್ಟಿರಬೇಕು? ಯಾರಾದರೂ ಏನೋ ಹೇಳಿದಾಗ ಯೋಚಿಸದೆ ‘ಹ್ಞೂಂ’ ಅನ್ನುತ್ತೀರಲ್ಲ, ಹೆಚ್ಚುಕಡಿಮೆ ಅಷ್ಟು. ಗಾಂಭೀರ್ಯಕ್ಕೆಂದು ದನಿಯನ್ನು ಬಲವಂತವಾಗಿ ತಗ್ಗಿಸಬೇಡಿ.

‘ಹೊಟ್ಟೆಯಿಂದ ಉಸಿರಾಡಿ’ ಎಂಬ ಸಲಹೆ ಅರ್ಧ ಮಾತ್ರ ನಿಜ. ಹೊಟ್ಟೆ ಉಬ್ಬಿಸಿ ಉಸಿರು ಬಿಗಿಹಿಡಿಯುವವರೇ ಬಹಳ. ಉಸಿರು ಮುಗಿಯುವ ಮೊದಲೇ ವಾಕ್ಯ ನಿಲ್ಲಿಸುವುದು ಅದಕ್ಕಿಂತ ಮುಖ್ಯ. ವಾಕ್ಯದ ಕೊನೆಯಲ್ಲಿ ದನಿ ಕರಕರ ಎಂದರೆ ಗಾಳಿ ಸಾಲದೆ ಗಂಟಲು ದುಡಿಯುತ್ತಿದೆ ಎಂದರ್ಥ. ಅಲ್ಪವಿರಾಮದಲ್ಲಿ ನಿಂತು, ಭುಜ ಎತ್ತದೆ ಉಸಿರು ತಾನಾಗಿ ಒಳಬರಲು ಬಿಡಿ. ‘ಅವರು’, ‘ಇವತ್ತು’ ಮುಂತಾದ ಸ್ವರಾಕ್ಷರದಿಂದ ಶುರುವಾಗುವ ಪದಗಳನ್ನು ಗಂಟಲಿನಿಂದ ಕುಟ್ಟಿ ಹೊರಡಿಸದೆ, ಮುಂದೊಂದು ಸಣ್ಣ ‘ಹ’ ಇದೆ ಎಂದುಕೊಂಡು ಆರಂಭಿಸಿ.

ಕುಡಿದ ನೀರು ಅನ್ನನಾಳಕ್ಕೆ ಹೋಗುತ್ತದೆಯೇ ಹೊರತು ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ಅದಕ್ಕೇ ಮಾತಿಗೆ ಮುಂಚೆ ಗಟಗಟ ಕುಡಿದರೆ ಬಾಯಿ ಮಾತ್ರ ಒದ್ದೆ. ದಿನವಿಡೀ ಸ್ವಲ್ಪ ಸ್ವಲ್ಪ ಕುಡಿಯಿರಿ. ಖ್ಹೂಂ ಎಂದು ಗಂಟಲು ಕೆರೆಯುವ ಬದಲು ಒಂದು ಗುಟುಕು ನುಂಗಿ. ದನಿ ಕಟ್ಟಿದಾಗ ಪಿಸುಗುಟ್ಟಬೇಡಿ, ಹಲವರಲ್ಲಿ ಅದೂ ಗಂಟಲನ್ನು ಬಿಗಿಯುತ್ತದೆ. ಮೆಲುದನಿಯೇ ಒಳ್ಳೆಯದು. ಗದ್ದಲದಲ್ಲಿ ದನಿ ನಮಗರಿವಿಲ್ಲದೆ ಏರುತ್ತದೆ, ಹತ್ತಿರ ಹೋಗಿ ಮಾತಾಡಿ ಅಥವಾ ಮೈಕ್ ಬಳಸಿ.

ವಾರಕ್ಕೊಮ್ಮೆ ಒಂದೇ ಪುಟವನ್ನು ಬೆಳಿಗ್ಗೆ ಮತ್ತು ಸಂಜೆ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಎರಡರ ನಡುವಿನ ಅಂತರ ಕಡಿಮೆಯಾಗುತ್ತಿದ್ದರೆ ಅಭ್ಯಾಸ ಸರಿದಾರಿಯಲ್ಲಿದೆ. ಅಭ್ಯಾಸ ಮುಗಿದಾಗಲೇ ಗಂಟಲು ಉರಿಯುತ್ತಿದ್ದರೆ ಎಲ್ಲೋ ತಳ್ಳುತ್ತಿದ್ದೀರಿ, ಸ್ಟ್ರಾದಿಂದ ಮತ್ತೆ ಶುರುಮಾಡಿ.